ರಾಜಧಾನಿಯಾಗಿದ್ದ ಊರು ತಾಲೂಕು ಆಗಿದ್ದು 2018ರಲ್ಲಿ

ಈ ಕಂತನ್ನ ನೀವು ಹುಬ್ಬಳ್ಳಿಯಿಂದ ಗದಗಕ್ಕೆ ಹೋಗೋ ರೈಲಿನಲ್ಲಿ ಕೂತು ಕೇಳ್ತಿದ್ರೆ, ಗದಗ ಬರೋಕ್ಕಿಂತ ಮೊದಲು ಒಮ್ಮೆ ಕಿಟಕಿ ಹೊರಗೆ ನೋಡ್ರಿ. ಅಣ್ಣಿಗೇರಿ ಅನ್ನೋ ಹಳದಿ ಬೋರ್ಡ್ ಬರುತ್ತೆ. ಸುಮಾರು 830 ವರ್ಷದ ಹಿಂದೆ ಇದೇ ಊರಿನಿಂದ ಒಬ್ಬ ಚಕ್ರವರ್ತಿ ರಾಜ್ಯ ಆಳ್ತಿದ್ದ. ಕಲ್ಯಾಣದ ಚಾಲುಕ್ಯರ ಕೊನೆಯ ದೊರೆ, ನಾಲ್ಕನೇ ಸೋಮೇಶ್ವರ.

ಅಣ್ಣಿಗೇರಿ ಅದಕ್ಕೂ ಮೊದಲೇ ದೊಡ್ಡ ಊರು. ಬೆಳ್ವೊಲ ಮುನ್ನೂರು ಅನ್ನೋ ನಾಡಿಗೆ ಇದೇ ಮುಖ್ಯಪಟ್ಟಣ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಂತ ಇವತ್ತಿನ ತೆಲಂಗಾಣದಲ್ಲಿರೋ ಕುರ್ಕ್ಯಾಲದ ಶಾಸನ ಹೇಳುತ್ತೆ. 76 ಕಂಬದ ಅಮೃತೇಶ್ವರ ಗುಡಿ ಕಟ್ಟಿದ್ದು 1050ರ ಆಸುಪಾಸು. ಅದಾಗಿ ಸ್ವಲ್ಪ ವರ್ಷಕ್ಕೇ ಚೋಳರ ದಂಡು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನ ಸುಟ್ಟಿತು, ಆಮೇಲೆ ನಾಡನ್ನ ಆಳ್ತಿದ್ದ ಲಕ್ಷ್ಮರಸ ಅಣ್ಣಿಗೇರಿಯ ಬಸದಿಯನ್ನ ಮತ್ತೆ ಎತ್ತಿ ನಿಲ್ಲಿಸಿದ. ಇದನ್ನೆಲ್ಲ ಪಕ್ಕದ ಗಾವರವಾಡದ ಶಾಸನದಲ್ಲಿ ಕೆತ್ತಿಟ್ಟಿದ್ದಾರೆ. ಅಂದ್ರೆ ಸುಟ್ಟು ಹೋದರೂ ಊರು ಮತ್ತೆ ಎದ್ದಿತ್ತು. ಬೆಂಕಿಯಿಂದ ಊರು ಸಾಯಲಿಲ್ಲ.

ಹಾಗಾದ್ರೆ ಇಷ್ಟು ದೊಡ್ಡ ಊರು ಸಣ್ಣದಾಗಿದ್ದು ಹೇಗೆ? ನನ್ನ ತಲೆಯಲ್ಲಿ ಈ ಪ್ರಶ್ನೆ ಕೂತಿದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಬಗ್ಗೆ ಓದುವಾಗ. ಬರ್ನ್ ಹುಟ್ಟಿದ್ದು 1191ರಲ್ಲಿ. ಆರೆ ನದಿ ಮೂರು ಕಡೆ ಸುತ್ತಿಕೊಂಡು ಹರಿಯೋ ಜಾಗದಲ್ಲಿ ತ್ಸೇರಿಂಗೆನ್ ಮನೆತನದ ಡ್ಯೂಕ್ ಒಬ್ಬ ಕಟ್ಟಿಸಿದ. ನಮ್ಮ ಕಡೆ ಅದೇ ಹೊತ್ತಿಗೆ, 1191ರ ಆಸುಪಾಸು, ಗದಗದ ಹತ್ತಿರದ ಸೊರಟೂರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನಿಗೂ ಯಾದವರ ಭಿಲ್ಲಮನಿಗೂ ಯುದ್ಧ ಆಯ್ತು. ಚಾಲುಕ್ಯರ ಕತೆ ಅಷ್ಟೊತ್ತಿಗೆ ಮುಗಿದಿತ್ತು. ಗೆದ್ದವರ ರಾಜಧಾನಿ ಬೇರೆ ಕಡೆ ಇತ್ತು. ಅಲ್ಲೊಂದು ಊರು ಕಣ್ಣು ಬಿಡ್ತಿತ್ತು, ಇಲ್ಲೊಂದು ಊರು ಸಿಂಹಾಸನ ಕಳ್ಕೊಂಡಿತ್ತು.

ಮಜಾ ಏನಂದ್ರೆ ಬರ್ನ್ ಕಟ್ಟಿದ ಮನೆತನವೂ ಉಳೀಲಿಲ್ಲ. 27 ವರ್ಷಕ್ಕೆ, 1218ರಲ್ಲಿ, ವಾರಸುದಾರರಿಲ್ಲದೆ ಮುಗಿದುಹೋಯ್ತು. ಆದರೆ ಊರು ಬೆಳೀತು. ಸಂತೆ ನಡೆಸೋದು, ನ್ಯಾಯ ತೀರ್ಮಾನ ಮಾಡೋದು, ಇಂಥ ಹಕ್ಕೆಲ್ಲ ಚಕ್ರವರ್ತಿ ನಮಗೇ ಕೊಟ್ಟಿದ್ದಾನೆ ಅಂತ ಊರಿನವರು 1218ರ ಒಂದು ಸನದು ತೋರಿಸಿದ್ರು. ಆ ಕಾಗದವನ್ನ ಆಮೇಲೆ ಬರೆದು ಹಿಂದಿನ ತಾರೀಖು ಹಾಕಿದ್ದಾರೆ ಅಂತ ಬಹಳ ಇತಿಹಾಸಕಾರರ ಅಭಿಪ್ರಾಯ. ಬಿಕಾಂ ಓದಿದವನಿಗೆ ಈ ಬ್ಯಾಕ್‌ಡೇಟ್ ವ್ಯವಹಾರ ಕೇಳಿ ನಗು ಬಂತು. ಏನೇ ಇರಲಿ, ಹಕ್ಕು ಊರಿನ ಹೆಸರಿಗೆ ಬಿತ್ತು. ನಮ್ಮಲ್ಲೂ ಮಹಾಜನರಿದ್ರು, ಅಯ್ಯಾವೊಳೆ ಐನೂರ್ವರಂಥ ವ್ಯಾಪಾರಿ ಸಂಘ ಇತ್ತು, ಬುದ್ಧಿಗೆ ಕೊರತೆ ಇರಲಿಲ್ಲ. ಆದರೆ ನಮ್ಮ ಕಲ್ಲುಗಳಲ್ಲಿ ಹೆಚ್ಚಾಗಿ ಇರೋದು ದಾನ: ಗುಡಿಗೆ ಇಷ್ಟು ಮತ್ತರು ಹೊಲ, ದೀಪಕ್ಕೆ ಇಷ್ಟು ಎಣ್ಣೆ. ಅಧಿಕಾರ ಅರಸನ ಜೊತೆಗೇ ಬರ್ತಿತ್ತು, ಅರಸನ ಜೊತೆಗೇ ಹೋಗ್ತಿತ್ತು. ಇದು ನನ್ನ ಲೆಕ್ಕ, ನೀವು ಜಗಳ ಆಡಬಹುದು.

ಸುತ್ತಲಿನ ಹಳ್ಳಿಯವರು ಒಂದು ಊರಿಗೆ ಬರಲೇಬೇಕು ಅನ್ನೋ ಕಾರಣ ಇರೋತನಕ ಅದು ಪಟ್ಟಣ. ಕುಂದಗೋಳ ನೋಡ್ರಿ. 1948ರ ತನಕ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಅರಮನೆ ಎಲ್ಲೋ ದೂರ. ಆದರೂ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗ್ತಿದ್ರು, ಭೀಮಸೇನ ಜೋಶಿ ಅಲ್ಲೇ ಗುರುವಿನ ಮನೆಯಲ್ಲಿ ನೀರು ಹೊತ್ತುಕೊಂಡು ಇದ್ರು. ಕಾರಣ ಒಬ್ಬ ಮನುಷ್ಯ, ಸವಾಯಿ ಗಂಧರ್ವ. ಹುಬ್ಬಳ್ಳಿಯಿಂದ ಜನ ಕುಂದಗೋಳಕ್ಕೆ ಕಲಿಯೋಕೆ ಹೋಗ್ತಿದ್ದ ಕಾಲ ಅದು. ಈಗ ಬೆಳಗಿನ ರೈಲು ಯಾವ ಕಡೆ ತುಂಬಿರುತ್ತೆ ಅಂತ ನಿಮಗೇ ಗೊತ್ತು.

ನವಲಗುಂದದಲ್ಲಿ ಆ ಕಾರಣ ಕಚೇರಿ. ಮಲಪ್ರಭಾ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ಮುಟ್ಟಲಿಲ್ಲ, ಆದರೆ ಬೆಟರ್‌ಮೆಂಟ್ ಲೆವಿ ಮಾತ್ರ ರೈತರ ಮನೆಗೆ ಮುಟ್ಟಿತು. 1980ರ ಜುಲೈ 21ರಂದು ಸುತ್ತಲಿನ ರೈತರು ಅಲ್ಲಿಗೆ ಬಂದು ನಿಂತ್ರು. ಗೋಲಿಬಾರ್ ಆಯ್ತು, ರೈತ ಸತ್ತ. ಅದೇ ದಿನ ಪಕ್ಕದ ನರಗುಂದದಲ್ಲೂ ರೈತ ಸತ್ತ, ಅಲ್ಲಿ ಪೊಲೀಸರೂ ಸತ್ರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, 1983ರಲ್ಲಿ ಸರ್ಕಾರವೇ ಬದಲಾಯ್ತು. ಆದರೆ ನವಲಗುಂದಕ್ಕೆ ಇವತ್ತಿಗೂ ರೈಲಿಲ್ಲ. ಊರಿನ ಜಮಖಾನಕ್ಕೆ ಜಿಐ ಟ್ಯಾಗ್ ಐತಿ, ನೇಯೋ ಹೆಣ್ಮಕ್ಕಳು ಬೆರಳೆಣಿಕೆ.

ಈ ಊರುಗಳ ವ್ಯಾಪಾರ ಹುಬ್ಬಳ್ಳಿಗೆ ಸರಿದಿದ್ದು ಯಾವ ಯುದ್ಧದಿಂದಲೂ ಅಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ವರ್ಕ್‌ಶಾಪ್ ಹುಬ್ಬಳ್ಳಿಗೆ ಸಿಕ್ತು, ಎರೆ ಹೊಲದ ಹತ್ತಿಯೂ ಅಲ್ಲಿಗೇ ಹೋಯ್ತು. ಅಣ್ಣಿಗೇರಿಗೂ ಸ್ಟೇಷನ್ ಸಿಕ್ತು ಬಿಡ್ರಿ. ಆದರೆ ಹತ್ತಿ ಮೂಟೆ ಅಲ್ಲಿ ಹತ್ತುತ್ತಿತ್ತು ಅಷ್ಟೇ, ದುಡ್ಡು ಇಳೀತಿದ್ದದ್ದು ಹುಬ್ಬಳ್ಳಿಯಲ್ಲಿ.

ಹೊಸ ತಾಲೂಕುಗಳು ಶುರುವಾದ 2018ರ ತನಕ ಅಣ್ಣಿಗೇರಿ ನವಲಗುಂದ ತಾಲೂಕಿನ ಕೆಳಗೇ ಇತ್ತು. ಅಲ್ಲಿಯವರು ತಾಲೂಕು ಕಚೇರಿ ಕೆಲಸಕ್ಕೆ ನವಲಗುಂದದ ಬಸ್ ಹತ್ತಬೇಕಿತ್ತು. ಬರ್ನ್ ಕಾಗದ ಆದಷ್ಟು ಬೇಗ ಮಾಡಿಸಿಕೊಂಡಿತು, ನಮಗೆ ಎಂಟು ಶತಮಾನ ಹಿಡೀತು.

ಕಲಘಟಗಿ ಬಿಟ್ಟೆ ಅಂತ ಬೈಬೇಡಿ. ಅಲ್ಲಿನ ಬಣ್ಣದ ತೊಟ್ಟಿಲಿಗೆ ಒಂದು ಇಡೀ ಕಂತು ಬೇಕು, ಮುಂದಿನ ವಾರ ಅದೇ. ನಿಮ್ಮನೆ ಅಟ್ಟದ ಮೇಲೆ ಹಳೇ ಕಲಘಟಗಿ ತೊಟ್ಟಿಲಿದ್ರೆ ಒಂದು ಫೋಟೋ ಕಳಿಸ್ರಿ.