ಉಪ್ಪನ ರಣಜಿ ತಂಡ

ಉಪ್ಪಳದ ನಮ್ಮ ದಿನಸಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಎರಡು ಬದಿ ಉಂಟು. ಮುಂದಿನಿಂದ ತೆರೆದರೆ ಯಾರ ಮನೆಗೆ ಎಷ್ಟು ಕುಚ್ಚಲಕ್ಕಿ, ಎಷ್ಟು ತೆಂಗಿನೆಣ್ಣೆ ಹೋಯಿತು ಎಂಬ ಲೆಕ್ಕ. ಹಿಂದಿನಿಂದ ತೆರೆದರೆ ಕೇರಳ ರಣಜಿ ತಂಡದ ಲೆಕ್ಕ. ಎದುರಾಳಿಯ ಹೆಸರು, ಊರು, ಕೊನೆಗೆ ಒಂದು ಅಕ್ಷರ: ಸೋ, ಗೆ ಅಥವಾ ಡ್ರಾ. ಪುಸ್ತಕ ತುಂಬಿದ ಮೇಲೆ ಮುಂದಿನ ಬಾಕಿಯನ್ನು ಹೊಸ ಪುಸ್ತಕಕ್ಕೆ ಇಳಿಸಿ, ಹಿಂದಿನ ಹಾಳೆಗಳನ್ನು ಮಾತ್ರ ಹರಿದು ಬಿಸ್ಕೆಟ್ ಡಬ್ಬಿಯಲ್ಲಿ ಇಡುವುದು ಉಪ್ಪನ ಕ್ರಮ. ಆ ಡಬ್ಬಿಯಲ್ಲಿ ‘ಸೋ’ ಎಷ್ಟು ಉಂಟೆಂದು ನಾನು ಒಮ್ಮೆ ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟಿದ್ದೇನೆ.

ನಾವು ಕಾಸರಗೋಡಿನವರು ಯಾವ ತಂಡದವರು ಎಂಬುದು ಸುಲಭದ ಪ್ರಶ್ನೆಯಲ್ಲ. 1956ರ ನವೆಂಬರ್ 1ರವರೆಗೆ ಈ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ದಿನದಿಂದ ಕೇರಳ. ತಿರುವಾಂಕೂರು-ಕೊಚ್ಚಿ ಎಂಬ ಹೆಸರಿನಲ್ಲಿ 1951-52ರಲ್ಲಿ ರಣಜಿಗೆ ಬಂದಿದ್ದ ತಂಡವೂ 1957-58ರಿಂದ ಕೇರಳವಾಯಿತು. ಅಂದರೆ ನಾವೂ ಆ ತಂಡವೂ ಹೆಚ್ಚು ಕಡಿಮೆ ಒಟ್ಟಿಗೇ ಕೇರಳದ ಹೆಸರು ಹೊತ್ತವರು. ಆದರೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಿಂದ ಬರುವ ಕಾಗದ ಮಲಯಾಳದಲ್ಲಿ. ಇಂಥವನು ಯಾರಿಗೆ ಚಪ್ಪಾಳೆ ತಟ್ಟಬೇಕು?

ನನ್ನ ಮಟ್ಟಿಗೆ ಚಿಕ್ಕಂದಿನಲ್ಲಿ ಅನುಮಾನವೇ ಇರಲಿಲ್ಲ. ನಾನು ಕನ್ನಡ ಮಾಧ್ಯಮದ ಹುಡುಗ. ಆಗ ಭಾರತ ತಂಡವೆಂದರೆ ಅರ್ಧ ಕರ್ನಾಟಕ: ದ್ರಾವಿಡ್, ಶ್ರೀನಾಥ್, ಪ್ರಸಾದ್, ಕುಂಬ್ಳೆ. 1995-96ರಿಂದ 1998-99ರ ನಡುವೆ ಕರ್ನಾಟಕ ಮೂರು ಸಲ ರಣಜಿ ಗೆದ್ದಿತು. 1999ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ನಮ್ಮ ತರಗತಿಯಲ್ಲಿ ಜಗಳವಾದದ್ದು ಒಂದೇ ವಿಷಯಕ್ಕೆ, ಅವರ ಮೂಲಮನೆಗೆ ಯಾರ ಮನೆ ಹತ್ತಿರ ಎಂದು. ಅವರ ಹೆಸರಿನಲ್ಲಿರುವ ಕುಂಬಳೆ ನಮಗೆ ರೈಲಿನಲ್ಲಿ ಮುಂದಿನ ಸ್ಟೇಷನ್. ಈಗ ಕಾಸರಗೋಡು ಪೇಟೆಯಲ್ಲಿ ಅವರ ಹೆಸರಿನ ರಸ್ತೆಯೂ ಉಂಟು.

ಉಪ್ಪನಿಗೆ ಕುಂಬ್ಳೆಯ ಮೇಲೆ ಪ್ರೀತಿ ಇತ್ತು, ಆದರೆ ಅದರೊಟ್ಟಿಗೆ ಒಂದು ಸಣ್ಣ ದೂರೂ ಇತ್ತು. ಅದೇ ಕಾಲದಲ್ಲಿ ಕೇರಳಕ್ಕೆ ಕೆ. ಎನ್. ಅನಂತಪದ್ಮನಾಭನ್ ಎಂಬ ಲೆಗ್ ಸ್ಪಿನ್ನರ್ ಇದ್ದರು. ಪ್ರಥಮ ದರ್ಜೆಯಲ್ಲಿ 344 ವಿಕೆಟ್. ಭಾರತಕ್ಕೆ ಒಂದು ಪಂದ್ಯವೂ ಸಿಗಲಿಲ್ಲ. ಆ ಜಾಗದಲ್ಲಿ ಕುಂಬ್ಳೆ ಕೂತಾಗಿತ್ತು. “ನಮ್ಮ ಊರಿನ ಹೆಸರಿನವ ನಮ್ಮ ತಂಡದವನ ದಾರಿಗೆ ಅಡ್ಡ ನಿಂತ, ಎಂತ ಮಾಡುವುದು” ಎಂದು ನಗುತ್ತಿದ್ದರು. ಹೊಟ್ಟೆಕಿಚ್ಚಿನ ಮಾತಲ್ಲ ಅದು. ಗೋಣಿಯಲ್ಲಿ ಅರ್ಧ ಕಿಲೋ ಕಮ್ಮಿ ಬಂದಾಗಲೂ ಅವರು ಹಾಗೆಯೇ ನಗುವುದು.

ಉಪ್ಪ ಕೇರಳ ತಂಡಕ್ಕೆ ಗಂಟುಬಿದ್ದದ್ದು ಕಣ್ಣೂರಿನಲ್ಲಿ. ಮದುವೆಗೆ ಮುಂಚೆ, ಎಂಬತ್ತರ ದಶಕದಲ್ಲಿ, ಮೂರು ವರ್ಷ ಅಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ದುಡಿದಿದ್ದರು. ಏಳನೆಯವರೆಗೆ ಕನ್ನಡ ಶಾಲೆ ಕಲಿತವರು, ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಂಗಡಿಯ ಮುದಲಾಳಿಗೆ ಕ್ರಿಕೆಟ್ ಹುಚ್ಚು. ಬಾಲನ್ ಪಂಡಿತ್ ಎಂಬವರು 1959-60ರಲ್ಲಿ ಆಂಧ್ರದ ವಿರುದ್ಧ ಔಟಾಗದೆ 262 ಹೊಡೆದ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುವ ಮನುಷ್ಯ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಉಪ್ಪ ಪತ್ರಿಕೆಯ ಆಟದ ಪುಟ ಬಿಡಿಸಿಕೊಂಡು ಕೂರುತ್ತಿದ್ದರಂತೆ. ಸ್ಕೋರ್ ಪಟ್ಟಿಯಲ್ಲಿ ವಾಕ್ಯ ಇರುವುದಿಲ್ಲ, ಹೆಸರು ಮತ್ತು ಅಂಕಿ ಮಾತ್ರ. ಹೆಸರು ಬೆಳಿಗ್ಗೆ ಮುದಲಾಳಿಯ ಬಾಯಲ್ಲಿ ಕೇಳಿದ್ದು, ಅಂಕಿ ಮೊದಲೇ ಗೊತ್ತಿರುವುದು. ಒಂದೊಂದೇ ಅಕ್ಷರ ಹೀಗೆ ಕೂಡಿತು. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ಅಕ್ಕಪಕ್ಕದವರು ಕಚೇರಿಯ ಕಾಗದ ಹಿಡಿದುಕೊಂಡು ಓದಿಸಲು ಬರುತ್ತಿದ್ದದ್ದು ಉಪ್ಪನ ಹತ್ತಿರ. ಆ ಓದು ಬಂದದ್ದು ಸೋತ ಪಂದ್ಯಗಳ ಪಟ್ಟಿಯಿಂದ ಎಂದು ಅವರಿಗೆಲ್ಲ ಗೊತ್ತಿರಲಿಲ್ಲ.

ಸೋಲು ಎಂದರೆ ಎಂಥ ಸೋಲು! ಕೇರಳದವರು ಕಾಲ್ಚೆಂಡಿನಲ್ಲಿ 1973ರಲ್ಲೇ ಸಂತೋಷ್ ಟ್ರೋಫಿ ತಂದವರು, ಓಟ ಜಿಗಿತದಲ್ಲಿ ದೇಶಕ್ಕೆ ಮುಂದೆ. ಕ್ರಿಕೆಟಿನಲ್ಲಿ ಮಾತ್ರ ರಣಜಿ ಕ್ವಾರ್ಟರ್ ಫೈನಲ್ ಕಾಣಲು 2017-18 ಆಗಬೇಕಾಯಿತು. 1996ರಲ್ಲಿ ಶ್ರೀಲಂಕಾಕ್ಕೆ ವಿಶ್ವಕಪ್ ಗೆಲ್ಲಿಸಿದ ಡೇವ್ ವಾಟ್ಮೋರ್ ಬಂದು ತರಬೇತಿ ಕೊಟ್ಟರು, ತಂಡ ಅಲ್ಲಿವರೆಗೆ ಹೋಯಿತು, ಅಲ್ಲಿ ವಿದರ್ಭದ ಎದುರು 412 ರನ್‌ಗಳಿಂದ ಬಿದ್ದಿತು. ನಮ್ಮ ಅಂಗಡಿಗೆ ದಿನವೂ ಬರುವ ನಿವೃತ್ತ ಕನ್ನಡ ಮಾಷ್ಟ್ರೊಬ್ಬರು ಉಂಟು, ಕರ್ನಾಟಕದ ಪಕ್ಷ. “ಎಂತದು ಬ್ಯಾರಿಗಳೇ, 412 ನಿಮ್ಮ ಉದ್ರಿಯಾ ಅವರ ರನ್ನಾ?” ಎಂದರು. ಉಪ್ಪ ಅವರಿಗೆ ಚಹಾ ಹುಡಿ ತೂಗಿ ಕೊಟ್ಟು, “ಉದ್ರಿಯಾದರೆ ಒಂದು ದಿನ ಬರುತ್ತದೆ ಮಾಷ್ಟ್ರೇ” ಎಂದರು.

ಮರುವರ್ಷ ಸೆಮಿಫೈನಲ್. ಅದೂ ನಮ್ಮದೇ ರಾಜ್ಯದಲ್ಲಿ, ವಯನಾಡಿನ ಕೃಷ್ಣಗಿರಿ ಮೈದಾನದಲ್ಲಿ. 2019ರ ಜನವರಿ 24ರ ಗುರುವಾರ ಶುರು, ಐದು ದಿನದ ಪಂದ್ಯ. ನಾನು ಆಗ ಮಂಗಳೂರು ಬದಿಯ ಒಂದು ಕಾರ್ಖಾನೆಯಲ್ಲಿ ಪಂಪುಗಳ ನಿರ್ವಹಣೆಗೆ ಸೇರಿ ಕೆಲವು ವರ್ಷವಾಗಿತ್ತು, ಡಿಪ್ಲೊಮಾ ಮುಗಿಸಿದವರ ಮಾಮೂಲಿ ದಾರಿ. 26 ಗಣರಾಜ್ಯೋತ್ಸವ, 27 ಭಾನುವಾರ. ಮೂರನೇ, ನಾಲ್ಕನೇ ದಿನದ ಆಟ ನೋಡುವುದು ಎಂದು ಉಪ್ಪನೂ ನಾನೂ ಶುಕ್ರವಾರ ಸಂಜೆಯ ಗಾಡಿಗೆ ಟಿಕೆಟ್ ಮಾಡಿದೆವು. ಜೀವಮಾನದಲ್ಲಿ ಉಪ್ಪ ತಮ್ಮ ತಂಡವನ್ನು ಕಣ್ಣಾರೆ ಕಂಡವರಲ್ಲ.

ಗುರುವಾರ ಕೇರಳ 106ಕ್ಕೆ ಔಟ್. ಶುಕ್ರವಾರ ಮತ್ತೆ 91ಕ್ಕೆ ಔಟ್. ಉಮೇಶ್ ಯಾದವ್ ಒಬ್ಬರೇ ಎರಡೂ ಇನ್ನಿಂಗ್ಸ್ ಸೇರಿ 12 ವಿಕೆಟ್ ತೆಗೆದರು. ಐದು ದಿನದ ಪಂದ್ಯ ಎರಡೇ ದಿನಕ್ಕೆ ಮುಗಿದಿತ್ತು. ಗಾಡಿ ಉಪ್ಪಳಕ್ಕೆ ಬಂದಾಗ ಉಪ್ಪ ಬಿಳಿ ಅಂಗಿ, ಹೊಸ ಟೊಪ್ಪಿ ಹಾಕಿ, ಉಮ್ಮ ಕಟ್ಟಿಕೊಟ್ಟ ಪತ್ತಿರಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ನಾನು ಬಾಗಿಲಿನಿಂದ ಇಳಿದು ಹೇಳಿದೆ. ಅವರು ಒಂದು ಕ್ಷಣ ಎಂಜಿನ್ ಕಡೆ ನೋಡಿದರು. “ಟಿಕೆಟ್ ಆಗಿದೆಯಲ್ಲ” ಎಂದು ಹತ್ತಿ ಕೂತರು.

ತಲಶ್ಶೇರಿಯಲ್ಲಿ ಸಂಬಂಧಿಕರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಬಸ್ಸಿನಲ್ಲಿ ಘಾಟಿ ಹತ್ತಿ ಹೋದೆವು. ಸುತ್ತ ಗುಡ್ಡ, ನಡುವೆ ಹಸಿರು ಮೈದಾನ, ಒಂದು ಜನ ಇಲ್ಲ. ಗೇಟಿನ ಹತ್ತಿರ ಇದ್ದವರೊಟ್ಟಿಗೆ ಉಪ್ಪ ಮಾತಾಡಿದರು, ಅವರು ಒಳಗೆ ಬಿಟ್ಟರು. ಉಪ್ಪ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಪತ್ತಿರಿ ತಿಂದು, “ಒಳ್ಳೆ ಜಾಗ” ಎಂದರು. ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ನಾನು ಮಾಡಿದ್ದನ್ನು ಬರೆಯದೆ ಈ ಲೇಖನ ಪೂರ್ತಿಯಾಗುವುದಿಲ್ಲ. ಅಂಗಡಿಯ ವ್ಯಾಪಾರ ಆಗಲೇ ಇಳಿಯುತ್ತಿತ್ತು. ಪೇಟೆಯಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಬಂದಿತ್ತು, ಹೆದ್ದಾರಿ ಅಗಲ ಮಾಡಿದರೆ ನಮ್ಮ ಜಗಲಿ ಹೋಗುತ್ತದೆಂಬ ಸುದ್ದಿಯೂ ಇತ್ತು. ಬಾಗಿಲು ಹಾಕಿ ಎಂದು ನಾನು ಒಂದು ವರ್ಷದಿಂದ ಹೇಳುತ್ತಿದ್ದೆ. ಆ ದಿನ ಬಸ್ಸಿನಲ್ಲಿ, “ಸೋಲುವ ಅಂಗಡಿ, ಸೋಲುವ ತಂಡ, ನಿಮಗೆ ಬೇರೆ ಏನೂ ಸಿಗುವುದಿಲ್ಲವಾ ಉಪ್ಪ? ಅಲ್ಲಿ ಕರ್ನಾಟಕ ಎಂಟು ಸಲ ಗೆದ್ದಿದೆ” ಎಂದುಬಿಟ್ಟೆ.

“ಅವರಿಗೆ ಬೆಂಗಳೂರಲ್ಲಿ ಜನ ಇಲ್ಲವಾ? ನಾನೊಬ್ಬ ಉಪ್ಪಳದಿಂದ ಹೋಗಿ ತುಂಬಬೇಕಾ?” ಎಂದರು. ಆಮೇಲೆ ಎಂಟು ದಿನ ಅಂಗಡಿಯ ವಿಷಯವನ್ನು ನನ್ನೊಟ್ಟಿಗೆ ಎತ್ತಲಿಲ್ಲ. ಡಬ್ಬಿಯಲ್ಲಿ ಆ ವರ್ಷದ ಹಾಳೆ ನೋಡಿದೆ. ವಿದರ್ಭ, ಕೃಷ್ಣಗಿರಿ, ಸೋ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಹೋಗಿದ್ದೆವು’ ಎಂದು ಬರೆದಿದ್ದರು. ಬಹುವಚನ.

2021ರ ಜನವರಿಯಲ್ಲಿ ಲೆಕ್ಕ ಸ್ವಲ್ಪ ಬದಲಾಯಿತು. ಕಾಸರಗೋಡಿನ ತಳಂಗರೆಯ ಹುಡುಗ ಮೊಹಮ್ಮದ್ ಅಝರುದ್ದೀನ್, ದೊಡ್ಡ ಅಝರುದ್ದೀನರ ಅಭಿಮಾನಿಯಾದ ಅಣ್ಣ ಇಟ್ಟ ಹೆಸರು, ವಾಂಖೆಡೆಯಲ್ಲಿ ಮುಂಬೈ ವಿರುದ್ಧದ ಟಿ20ಯಲ್ಲಿ 54 ಎಸೆತಕ್ಕೆ ಔಟಾಗದೆ 137 ಹೊಡೆದ. ಮುಂದಿನ ತಿಂಗಳು ಬೆಂಗಳೂರಿನ ಆರ್‌ಸಿಬಿ 20 ಲಕ್ಷಕ್ಕೆ ಕೊಂಡಿತು, ಆಡಿಸಲಿಲ್ಲ. ಮಾಷ್ಟ್ರು ನಿಟ್ಟುಸಿರು ಬಿಟ್ಟು, “ಮಹಾಜನ ವರದಿ ಜಾರಿಯಾಗಿದ್ದರೆ ಈ ಹುಡುಗ ಕರ್ನಾಟಕದವ” ಎಂದರು. ತಪ್ಪಲ್ಲ. 1967ರ ಆ ವರದಿ ಚಂದ್ರಗಿರಿ ಹೊಳೆಯ ಬಡಗು ಭಾಗ ಆಗಿನ ಮೈಸೂರಿಗೆ ಸೇರಬೇಕೆಂದಿತ್ತು, ತಳಂಗರೆ ಇರುವುದು ಹೊಳೆಯ ಬಡಗು ದಡದಲ್ಲೇ. ಉಪ್ಪ ತಕ್ಕಡಿ ನೋಡುತ್ತಲೇ ಕೇಳಿದರು: “ಆಗ ಅವನಿಗೆ ಅಲ್ಲಿ ಚಾನ್ಸ್ ಸಿಗುತ್ತಿತ್ತಾ ಮಾಷ್ಟ್ರೇ?” ಮಾಷ್ಟ್ರು ಉತ್ತರ ಕೊಡಲಿಲ್ಲ.

2025ರ ಫೆಬ್ರವರಿಯನ್ನು ನಮ್ಮ ಅಂಗಡಿ ಮರೆಯುವುದಿಲ್ಲ. ಅಷ್ಟರಲ್ಲಿ ಹೆದ್ದಾರಿ ಅಗಲವಾಗಿ ಜಗಲಿ ಹೋಗಿತ್ತು, ಉಪ್ಪ ಒಳಗಿನ ಒಂದೇ ಕೋಣೆಯಲ್ಲಿ ವ್ಯಾಪಾರ ಮಾಡುತ್ತಿದ್ದರು. ಪುಣೆಯಲ್ಲಿ ಕ್ವಾರ್ಟರ್ ಫೈನಲ್. ಜಮ್ಮು ಕಾಶ್ಮೀರ 280, ಕೇರಳ 200ಕ್ಕೆ ಒಂಬತ್ತು. ತಲಶ್ಶೇರಿಯ ಸಲ್ಮಾನ್ ನಿಝಾರ್ ಕೊನೆಯ ಜೊತೆಗಾರ ಬೇಸಿಲ್ ಥಂಪಿಯೊಟ್ಟಿಗೆ 81 ಸೇರಿಸಿ 281 ಮಾಡಿದ. ಒಂದು ರನ್ ಮುಂದೆ. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿರುವವರು ದಾಟುವುದು. ಆ ಒಂದು ರನ್ನಿನಲ್ಲಿ ದಾಟಿದರು.

ಅಹಮದಾಬಾದಿನ ಸೆಮಿಫೈನಲ್‌ನಲ್ಲಿ ನಮ್ಮ ತಳಂಗರೆಯವ 341 ಎಸೆತ ಆಡಿ ಔಟಾಗದೆ 177. ಕೇರಳ 457. ಗುಜರಾತ್ ಬಿಡಲಿಲ್ಲ, ನಾಲ್ಕನೇ ದಿನದ ಕೊನೆಗೆ 7ಕ್ಕೆ 429. ಐದನೇ ದಿನ 21ನೇ ತಾರೀಕು, ಶುಕ್ರವಾರ. ನಾನು ಕಾರ್ಖಾನೆಯಲ್ಲಿ ಒಂದು ಪಂಪಿನ ಶಾಫ್ಟ್ ಸರಿಹೊಂದಿಸಲು ಡಯಲ್ ಗೇಜ್ ಇಟ್ಟು ಕೂತಿದ್ದೆ, ಪಕ್ಕದಲ್ಲಿ ಮೊಬೈಲ್. ಅಲ್ಲಿ ಮುಳ್ಳು ಎರಡು ಗೆರೆ ಆಚೆ ಹೋದರೂ ಬೇರಿಂಗ್ ಹಾಳು, ಇಲ್ಲಿ ಮೂರು ರನ್ ಆದರೆ ಗುಜರಾತ್ ಫೈನಲ್‌ಗೆ. 455ಕ್ಕೆ ಒಂಬತ್ತು. ಸರ್ವಟೆಯ ಎಸೆತಕ್ಕೆ ನಾಗವಾಸ್ವಾಲಾ ಜೋರಾಗಿ ಬೀಸಿದ. ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಸಲ್ಮಾನ್ ನಿಝಾರನ ಹೆಲ್ಮೆಟ್ಟಿಗೆ ಬಡಿದು ಮೇಲೆ ಹಾರಿ, ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿಯ ಕೈಗೆ ಬಂತು. ಎರಡು ರನ್. ಮನೆಗೆ ಫೋನ್ ಮಾಡಿದೆ. ಉಮ್ಮ ಎತ್ತಿದರು. ಉಪ್ಪ ಜುಮಾಕ್ಕೆಂದು ಸ್ನಾನಕ್ಕೆ ಹೋದವರು ಬಚ್ಚಲಿನಿಂದ ಹೊರಗೆ ಬಂದಿಲ್ಲ, ಒಳಗಿನಿಂದಲೇ ಸ್ಕೋರ್ ಕೇಳುತ್ತಿದ್ದಾರೆ, ಎಂದರು.

ಫೈನಲ್ ನಾಗ್ಪುರದಲ್ಲಿ, ಮತ್ತೆ ಅದೇ ವಿದರ್ಭ. ಅವರ 379ಕ್ಕೆ ಉತ್ತರವಾಗಿ ಕೇರಳ 342. ಸಚಿನ್ ಬೇಬಿ 98ಕ್ಕೆ ಔಟಾದಾಗ ಅಂಗಡಿಯಲ್ಲಿ ಸೇರಿದ್ದ ಏಳೆಂಟು ಜನರಲ್ಲಿ ಯಾರೂ ಮಾತಾಡಲಿಲ್ಲ. ಎರಡನೇ ಇನ್ನಿಂಗ್ಸಿನಲ್ಲಿ ಬಾಗಿಲು ಪೂರ್ತಿ ಹಾಕಿದ್ದು ಕರುಣ್ ನಾಯರ್, 135 ಹೊಡೆದು. ಮಲಯಾಳಿ ತಂದೆತಾಯಿಯ ಮಗ, ಕರ್ನಾಟಕದಲ್ಲಿ ಬೆಳೆದವ, ವಿದರ್ಭಕ್ಕೆ ಹೋಗಿ ಕೇರಳವನ್ನು ಸೋಲಿಸಿದ. ಗಡಿ ಎಂದರೆ ಏನೆಂದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಪಂದ್ಯ ಮುಗಿದದ್ದು ಮಾರ್ಚ್ 2ಕ್ಕೆ, ನಮಗೆ ಮೊದಲ ನೋಂಬಿನ ದಿನ. ಸಂಜೆ ನೋಂಬು ಬಿಡಲು ಖರ್ಜೂರ ಕೊಳ್ಳಲು ಬಂದವರಿಗೆಲ್ಲ ಉಪ್ಪ ಒಂದೊಂದು ಹೆಚ್ಚು ಹಾಕುತ್ತಿದ್ದರು. ನಷ್ಟದ ವ್ಯಾಪಾರ ಎನ್ನಲು ಬಾಯಿ ತೆರೆದವ ನಾನು ಸುಮ್ಮನೆ ಪೊಟ್ಟಣ ಕಟ್ಟಿದೆ. ರಾತ್ರಿ ಪುಸ್ತಕದ ಹಿಂದಿನ ಪುಟದಲ್ಲಿ ‘ಡ್ರಾ’ ಎಂದು ಬರೆದರು. ಕಪ್ ವಿದರ್ಭಕ್ಕೆ ಹೋದದ್ದನ್ನು ಬರೆಯಲಿಲ್ಲ. ಸುಳ್ಳಲ್ಲ, ಪಂದ್ಯ ಡ್ರಾ ಆದದ್ದೇ ಹೌದು.

ಅಂಗಡಿ ಈಗಲೂ ಉಂಟು. ಶನಿವಾರ ಸಂಜೆ ನಾನೇ ಕೂರುತ್ತೇನೆ. 2025ರ ಅಕ್ಟೋಬರಿನಲ್ಲಿ ಹೊಸ ಸೀಸನ್ ಶುರುವಾದಾಗ ಕೇರಳದ ನಾಯಕ ಯಾರು? ನಮ್ಮ ತಳಂಗರೆಯ ಅಝರುದ್ದೀನ್. ತಿರುವನಂತಪುರದಲ್ಲಿ ಮಹಾರಾಷ್ಟ್ರದ 18ಕ್ಕೆ ಐದು ವಿಕೆಟ್ ಬಿತ್ತು. ಮಾಷ್ಟ್ರು ಕೂಡ ಆ ದಿನ ಮಧ್ಯಾಹ್ನದವರೆಗೆ ಎದ್ದು ಹೋಗಲಿಲ್ಲ. ಆ ಮೇಲೆ ಅವರು 239 ಮಾಡಿದರು, ನಾವು 219.

ಉಪ್ಪ ಪೆನ್ಸಿಲನ್ನು ಕಿವಿಯಿಂದ ತೆಗೆದು ಪುಸ್ತಕ ತಿರುಗಿಸಿದರು. “ಇಪ್ಪತ್ತೇ ಅಲ್ವಾ ಕಮ್ಮಿ” ಎಂದರು. ನಾನು, ಹೌದು, ಮುಂದಿನದು ಯಾವಾಗ ನೋಡುತ್ತೇನೆ ಎಂದೆ. ಅಷ್ಟರಲ್ಲಿ ಯಾರೋ ಅರ್ಧ ಕಿಲೋ ಅವಲಕ್ಕಿ ಕೇಳಿಕೊಂಡು ಬಂದರು.