ಬ್ಯಾಂಕ್ ಹರಾಜಿನಲ್ಲಿ ಮುಂಬೈ ಫ್ಲ್ಯಾಟ್: ಬಿಡ್ ಹಾಕುವ ಮುನ್ನ ಮನೆ ಪರಿಶೀಲನೆ ಹೇಗೆ?

ಮುಂಬೈ: ಗ್ರಾಂಟ್ ರೋಡ್ ಆಸುಪಾಸಿನಲ್ಲಿ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಫ್ಲ್ಯಾಟ್ ಹರಾಜಿಗಿದೆ ಎಂಬ ಬ್ಯಾಂಕ್ ಜಾಹೀರಾತು ಕಂಡರೆ ಯಾರಿಗಾದರೂ ಆಸೆ ಹುಟ್ಟುವುದು ಸಹಜ. ಸಾಲ ಕಟ್ಟದವರ ಮನೆಯನ್ನು ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ವಶಕ್ಕೆ ಪಡೆದು ಹೀಗೆ ಮಾರುತ್ತವೆ. ಆದರೆ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ' ಎಂಬ ಷರತ್ತು ಜೊತೆಗೇ ಇರುತ್ತದೆ. ಕೊಂಡ ಮೇಲೆ ಸೂರು ಸೋರಿದರೂ ಕಂಬ ಬಿರುಕು ಬಿಟ್ಟರೂ ಖರ್ಚು ನಿಮ್ಮದೇ.

ಹಾಗಾಗಿ ಪರಿಶೀಲನೆ ಬಿಡ್‌ಗೆ ಮೊದಲೇ ಮುಗಿಯಬೇಕು. 1 ಕೋಟಿ ರೂಪಾಯಿಗೆ ಬಿಡ್ ಗೆದ್ದಿರಿ ಎನ್ನಿ. ಮುಂಗಡ ಠೇವಣಿಯೂ ಸೇರಿ 25 ಲಕ್ಷ ರೂಪಾಯಿಯನ್ನು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಉಳಿದ 75 ಲಕ್ಷಕ್ಕೆ ಮಾರಾಟ ದೃಢಪಟ್ಟ ನಂತರ 15 ದಿನ. ಬ್ಯಾಂಕ್ ಲಿಖಿತವಾಗಿ ಒಪ್ಪಿದರೆ ಗರಿಷ್ಠ 3 ತಿಂಗಳು. ತಪ್ಪಿದರೆ ಕಟ್ಟಿದ 25 ಲಕ್ಷ ಮುಟ್ಟುಗೋಲು. ಇಡೀ ಶೇ. 25ರಷ್ಟು ಮೊತ್ತವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸರಿ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಮನೆ ಸರಿಯಿಲ್ಲ ಎಂದು ಆಮೇಲೆ ಹಿಂದೆ ಸರಿಯುವಂತಿಲ್ಲ.

ಒಳಗೆ ಹೋಗಲು ಬಿಡುತ್ತಾರೆಯೇ?

ಹರಾಜು ನೋಟಿಸಿನಲ್ಲಿ ಸಾಮಾನ್ಯವಾಗಿ ಪರಿಶೀಲನೆಯ ದಿನಾಂಕ, ಅಧಿಕೃತ ಅಧಿಕಾರಿಯ ಫೋನ್ ನಂಬರ್ ಇರುತ್ತದೆ. ಬ್ಯಾಂಕಿನ ಬಳಿ ಇರುವುದು 'ಭೌತಿಕ' ಸ್ವಾಧೀನವೋ 'ಸಾಂಕೇತಿಕ' ಸ್ವಾಧೀನವೋ ಎಂದು ಮೊದಲು ಕೇಳಿ. ಸಾಂಕೇತಿಕ ಎಂದರೆ ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ ಅಷ್ಟೇ, ಒಳಗೆ ಸಾಲಗಾರರ ಕುಟುಂಬವೇ ಇರಬಹುದು. ಅವರನ್ನು ಬಿಡಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ, ಅದಕ್ಕೆ ಎಷ್ಟು ಸಮಯ ಹಿಡಿಯುತ್ತದೋ ಹೇಳಲಾಗದು. ಮೊದಲ ಮನೆ ಕೊಳ್ಳುವವರು ಇಂಥದ್ದಕ್ಕೆ ಕೈಹಾಕದಿರುವುದೇ ಲೇಸು. ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಕರಣ ಇದೆಯೇ ಎಂಬುದನ್ನೂ ವಿಚಾರಿಸಿ.

ಒಳಗೆ ಬಿಡದಿದ್ದರೆ ಮೇಲಿನ ಮತ್ತು ಕೆಳಗಿನ ಮನೆಯವರನ್ನು ವಿನಂತಿಸಿ ನೋಡಿ. ಕೆಳಗಿನ ಮನೆಯ ಶೌಚಾಲಯದ ಸೂರು ಒದ್ದೆಯಾಗಿದ್ದರೆ ನೀವು ಕೊಳ್ಳುವ ಮನೆಯ ಪೈಪುಗಳ ಸ್ಥಿತಿ ತಿಳಿದಂತೆ.

ಫ್ಲ್ಯಾಟ್‌ಗಿಂತ ಕಟ್ಟಡ ಮುಖ್ಯ

ಗ್ರಾಂಟ್ ರೋಡ್, ಗಿರ್ಗಾಂವ್, ಕಾಮಾಟಿಪುರ ಭಾಗದಲ್ಲಿ 1940ಕ್ಕೂ ಹಿಂದಿನ ಕಟ್ಟಡಗಳು ಬಹಳ. ಇಂಥ ಅನೇಕ ಕಟ್ಟಡಗಳು ಸೆಸ್ ಕಟ್ಟುವ ಪಟ್ಟಿಯಲ್ಲಿದ್ದು, ದುರಸ್ತಿ ಮ್ಹಾಡಾದ ದುರಸ್ತಿ ಮಂಡಳಿಗೆ ಸೇರಿದ್ದು. 2024ರ ಜುಲೈ 20ರಂದು ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ರುಬಿನಿಸಾ ಮಂಜಿಲ್ ಕಟ್ಟಡದ ಬಾಲ್ಕನಿ ಭಾಗ ಮಳೆಯಲ್ಲಿ ಕುಸಿದು ವೃದ್ಧೆಯೊಬ್ಬರು ಮೃತಪಟ್ಟಿದ್ದರು.

ಮ್ಹಾಡಾ ಮಳೆಗಾಲಕ್ಕೆ ಮುನ್ನ ಪ್ರಕಟಿಸುವ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಹಾಗೂ ಪಾಲಿಕೆಯ ಸಿ-1 ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಗ್ರಾಂಟ್ ರೋಡ್‌ನ ಬಹುಭಾಗಕ್ಕೆ ನಾನಾ ಚೌಕದ ಡಿ ವಾರ್ಡ್ ಕಚೇರಿಯಲ್ಲಿ ವಿಚಾರಿಸಬಹುದು. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಸೊಸೈಟಿ ಕಾರ್ಯದರ್ಶಿಯಿಂದ ಆ ವರದಿ ಕೇಳಿ. ವರದಿಯೇ ಇಲ್ಲ ಎಂದರೆ ಅದೂ ಒಂದು ಉತ್ತರವೇ.

ಪರಿಶೀಲನೆಗೆ ಪಾಲಿಕೆಯಲ್ಲಿ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆದೊಯ್ಯಿರಿ. ಕಾಂಕ್ರೀಟ್ ಕಟ್ಟಡವಾದರೆ ಕಂಬ, ತೊಲೆಗಳ ಉದ್ದಕ್ಕೂ ಹರಿದ ಬಿರುಕು, ಹೊರಗೆ ಇಣುಕುವ ತುಕ್ಕು ಹಿಡಿದ ಸರಳುಗಳನ್ನು ಅವರು ನೋಡುತ್ತಾರೆ. ಹಳೆಯ ಮರದ ಚೌಕಟ್ಟಿನ ಕಟ್ಟಡದಲ್ಲಿ ಗೋಡೆಯೊಳಗೆ ಹುದುಗಿದ ತೊಲೆಯ ತುದಿಗಳೇ, ಅದರಲ್ಲೂ ಶೌಚಾಲಯದ ಪಕ್ಕದವು, ಮೊದಲು ಕೊಳೆಯುತ್ತವೆ. ಗೆದ್ದಲು ಬೇರೆ. ಹೊಸ ಬಣ್ಣ ಬಳಿದ ಸೂರನ್ನು ನಂಬಬೇಡಿ, ತಟ್ಟಿ ನೋಡಿದರೆ ಟೊಳ್ಳು ಸದ್ದು ತಿಳಿಯುತ್ತದೆ. ಮುಚ್ಚಿದ ಬಾಲ್ಕನಿ, ಅಟ್ಟ ಮಂಜೂರಾದ ನಕ್ಷೆಯಲ್ಲಿವೆಯೇ ಎಂಬುದನ್ನೂ ಅಳೆಸಿ.

ಪಗಡಿ ಮನೆಯಾದರೆ ಸಿಗುವುದು ಬಾಡಿಗೆದಾರಿಕೆ ಹಕ್ಕೇ ಹೊರತು ಮಾಲೀಕತ್ವವಲ್ಲ. ದಾಖಲೆಯನ್ನು ವಕೀಲರಿಗೆ ತೋರಿಸಿ.

ಸೊಸೈಟಿ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ, ಬೆಸ್ಟ್ ವಿದ್ಯುತ್ ಬಿಲ್ ವರ್ಷಗಟ್ಟಲೆ ಬಾಕಿ ಇರಬಹುದು. ತನಗೆ ತಿಳಿದ ಋಣಭಾರವನ್ನು ಬ್ಯಾಂಕ್ ನೋಟಿಸಿನಲ್ಲಿ ಹೇಳಬೇಕು, ತಿಳಿಯದ್ದನ್ನು ನೀವೇ ಹುಡುಕಬೇಕು. ಬಾಕಿ ಎಷ್ಟೆಂದು ಸೊಸೈಟಿಯಿಂದ ಬರಹದಲ್ಲಿ ಪಡೆದು, ದುರಸ್ತಿ ಅಂದಾಜು ಮತ್ತು ಮುದ್ರಾಂಕ ಶುಲ್ಕದ ಜೊತೆ ಸೇರಿಸಿ, ಆ ಮೊತ್ತವನ್ನು ಕಳೆದು ನಿಮ್ಮ ಗರಿಷ್ಠ ಬಿಡ್ ನಿಗದಿ ಮಾಡಿಕೊಳ್ಳಿ.