ರಿಯಾಯಿತಿ ಮಾರಾಟದ ಇತಿಹಾಸ ಮತ್ತು ಶ್ರಾವಕನ ವಿವೇಕ

ಕ್ರಯವಿಕ್ರಯವು ಗೃಹಸ್ಥ ಜೀವನದ ಅನಿವಾರ್ಯ ಅಂಗ. ಮುನಿಗಳು ತ್ಯಜಿಸಿದ ವ್ಯವಹಾರವನ್ನು ಶ್ರಾವಕನು ಮಾಡಲೇಬೇಕಾಗುತ್ತದೆ. ಆದುದರಿಂದಲೇ ಅಣುವ್ರತಗಳ ನಿರೂಪಣೆಯಲ್ಲಿ ಅಂಗಡಿಯ ತಕ್ಕಡಿಗೂ ಅಳತೆಗೋಲಿಗೂ ಸ್ಥಾನ ದೊರೆತಿದೆ. ಇಂದು ಕೊಳ್ಳುವವನ ವಿವೇಕವನ್ನು ಪರೀಕ್ಷಿಸುತ್ತಿರುವುದು ಅಂಗಡಿಯ ಮುಂದೆ ತೂಗುವ ರಿಯಾಯಿತಿಯ ಫಲಕ. ರಿಯಾಯಿತಿಯೆಲ್ಲವೂ ವಂಚನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಎಲ್ಲವೂ ಲಾಭವೆಂದು ನಂಬುವುದೂ ತರವಲ್ಲ. ಯಾವ ಖರೀದಿಗೆ ಅದು ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದನ್ನು ಅದರ ಇತಿಹಾಸದಿಂದಲೇ ತಿಳಿಯಬಹುದಾಗಿದೆ.

ನಿಶ್ಚಿತ ಬೆಲೆಯ ಉದಯ

ರಿಯಾಯಿತಿ ಎಂಬ ಮಾತಿಗೆ ಅರ್ಥವಿರಬೇಕಾದರೆ ಮೊದಲು ನಿಶ್ಚಿತ ಬೆಲೆಯೊಂದಿರಬೇಕು. ಚೌಕಾಸಿಯೇ ರೂಢಿಯಾಗಿದ್ದ ಕಾಲದಲ್ಲಿ ವ್ಯಾಪಾರಿ ಹೇಳುವ ಬೆಲೆ ಒಂದು, ಒಪ್ಪುವ ಬೆಲೆ ಇನ್ನೊಂದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಧರ್ಮಪ್ರಚಾರಕ ಜಾರ್ಜ್ ಫಾಕ್ಸ್ ಮತ್ತು ಆತನ ಅನುಯಾಯಿಗಳಾದ ಕ್ವೇಕರರು ಇದನ್ನು ಅಸತ್ಯವೆಂದೇ ಪರಿಗಣಿಸಿದರು. ಪಡೆಯುವ ಉದ್ದೇಶವೇ ಇಲ್ಲದ ಬೆಲೆಯನ್ನು ಬಾಯಲ್ಲಿ ನುಡಿಯುವುದು ಸುಳ್ಳಲ್ಲದೆ ಮತ್ತೇನು ಎಂಬುದು ಅವರ ನಿಲುವು. ಒಂದೇ ಬೆಲೆ ಹೇಳುವ ಈ ವ್ಯಾಪಾರಿಗಳಿಂದ ಮೊದಮೊದಲು ಗಿರಾಕಿಗಳು ದೂರ ಸರಿದರು. ಆದರೆ ಚಿಕ್ಕ ಮಗುವನ್ನು ಕಳುಹಿಸಿದರೂ ಇವರಲ್ಲಿ ಮೋಸವಿಲ್ಲವೆಂಬ ನಂಬಿಕೆ ಬೆಳೆದಂತೆ ಅವರ ವ್ಯಾಪಾರವೂ ಬೆಳೆಯಿತು. 19ನೆಯ ಶತಮಾನದಲ್ಲಿ ಪ್ಯಾರಿಸಿನ ಬಾನ್ ಮಾರ್ಶೆ ಮಳಿಗೆಯ ಅರಿಸ್ಟೀಡ್ ಬೂಸಿಕೋ, ಅಮೆರಿಕದ ಫಿಲಡೆಲ್ಫಿಯಾ ನಗರದ ಜಾನ್ ವಾನಮೇಕರ್ ಮೊದಲಾದವರು ಪ್ರತಿ ವಸ್ತುವಿಗೂ ಬೆಲೆಚೀಟಿ ಅಂಟಿಸುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದರು. ಇಳಿಸಿದ ಬೆಲೆಯ ಮಾರಾಟಕ್ಕೂ ಇದರಿಂದಲೇ ದಾರಿಯಾಯಿತು.

ಸಲ್ಲುವ ರಿಯಾಯಿತಿ

1878ರ ಜನವರಿಯಲ್ಲಿ ವಾನಮೇಕರ್ ತನ್ನ ಮಳಿಗೆಯಲ್ಲಿ 'ಬಿಳಿಯ ಮಾರಾಟ'ವನ್ನು ಏರ್ಪಡಿಸಿದನು. ಕ್ರಿಸ್ಮಸ್ ವ್ಯಾಪಾರ ಮುಗಿದು ಅಂಗಡಿಗಳು ಬರಿದಾಗಿ ಕಾಣುವ ತಿಂಗಳದು. ಹಾಸುವ ಬಟ್ಟೆ, ದಿಂಬಿನ ಚೀಲ, ಮೇಜಿನ ಹೊದಿಕೆಗಳನ್ನು ಆತ ಕಡಿಮೆ ಬೆಲೆಗೆ ಮಾರಿದನು. ಆ ಕಾಲದಲ್ಲಿ ಇವೆಲ್ಲ ಸಾಮಾನ್ಯವಾಗಿ ಬಿಳಿಯವೇ ಆಗಿದ್ದುದರಿಂದ ಆ ಹೆಸರು ಬಂದಿತು. ಈ ಕ್ರಮ ಇತರ ಮಳಿಗೆಗಳಿಗೂ ಹಬ್ಬಿ ಸ್ಥಿರವಾಗಿ ಉಳಿಯಿತು.

ಇದರ ಯಶಸ್ಸಿಗೆ ಕಾರಣ ಸ್ಪಷ್ಟವಾಗಿದೆ. ಹಾಸುಬಟ್ಟೆ ಪ್ರತಿ ಮನೆಗೂ ಬೇಕು. ಆದರೆ ಇಂದೇ ಬೇಕೆಂದಿಲ್ಲ. ಎರಡು ತಿಂಗಳು ಮುಂಚೆ ಕೊಂಡರೂ ಅದು ಕೆಡುವುದಿಲ್ಲ, ಎರಡು ತಿಂಗಳು ತಡೆದರೂ ಮನೆಯ ಕೆಲಸ ನಿಲ್ಲುವುದಿಲ್ಲ. ಹೇಗೂ ಕೊಳ್ಳಬೇಕಾಗಿದ್ದುದನ್ನು ಗಿರಾಕಿ ಸೋವಿಯಾಗಿ ಕೊಂಡನು. ಸುಮ್ಮನೆ ಕುಳಿತಿರಬೇಕಾಗಿದ್ದ ಸಿಬ್ಬಂದಿಗೆ ಕೆಲಸ ಸಿಕ್ಕಿತು. ಬೆಲೆಯ ಇಳಿಕೆ ಕೊಳ್ಳುವ ಕಾಲವನ್ನಷ್ಟೇ ಬದಲಿಸಿತು, ಅಗತ್ಯವನ್ನಲ್ಲ. ನಮ್ಮ ನಾಡಿನ ಆಷಾಢದ ರಿಯಾಯಿತಿಯೂ ಇದೇ ಬಗೆಯದು. ಮದುವೆ ಮುಂಜಿಗಳಿಲ್ಲದ ಆ ಮಾಸದಲ್ಲಿ ಜವಳಿ ಅಂಗಡಿಗಳಿಗೆ ಗಿರಾಕಿಗಳು ವಿರಳ. ಮಾರ್ಗಶಿರದಲ್ಲಿ ಮಗಳ ಮದುವೆ ನಿಶ್ಚಯವಾಗಿರುವ ಮನೆಯವರು ಆಷಾಢದಲ್ಲಿ ಸೀರೆ ಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಸಲ್ಲದ ರಿಯಾಯಿತಿ

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1992ರಲ್ಲಿ ಬ್ರಿಟನ್ನಿನ ಹೂವರ್ ಕಂಪನಿ, ನೂರು ಪೌಂಡಿಗೆ ಮೇಲ್ಪಟ್ಟ ತನ್ನ ಸರಕು ಕೊಂಡವರಿಗೆ ಎರಡು ವಿಮಾನ ಟಿಕೆಟುಗಳನ್ನು ಉಚಿತವಾಗಿ ನೀಡುವುದಾಗಿ ಪ್ರಕಟಿಸಿತು. ಮೊದಲು ಯುರೋಪಿನ ಊರುಗಳಿಗಿದ್ದ ಈ ಕೊಡುಗೆಯನ್ನು ಅನಂತರ ಅಮೆರಿಕಕ್ಕೂ ವಿಸ್ತರಿಸಲಾಯಿತು. ಟಿಕೆಟಿನ ಬೆಲೆ ಯಂತ್ರದ ಬೆಲೆಗಿಂತ ಎಷ್ಟೋ ಹೆಚ್ಚು. ಜನ ಮುಗಿಬಿದ್ದು ಕೊಂಡರು. ಆದರೆ ಅವರಿಗೆ ಬೇಕಾಗಿದ್ದುದು ಕಸ ಗುಡಿಸುವ ಯಂತ್ರವಲ್ಲ, ಟಿಕೆಟು. ಬೇಡದ ಯಂತ್ರಗಳು ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಮಾತು ಉಳಿಸಿಕೊಳ್ಳಲಾಗದ ಕಂಪನಿಯ ಮೇಲೆ ದಾವೆಗಳು 1998ರವರೆಗೂ ನಡೆದವು. ಸುಮಾರು 5 ಕೋಟಿ ಪೌಂಡು ನಷ್ಟವಾಯಿತು. 1995ರಲ್ಲಿ ಹೂವರಿನ ಯುರೋಪ್ ವ್ಯವಹಾರವು ಇಟಲಿಯ ಕ್ಯಾಂಡಿ ಕಂಪನಿಗೆ ಮಾರಾಟವಾಯಿತು. ಇಲ್ಲಿ ಕೊಡುಗೆಯು ಇಲ್ಲದ ಅಗತ್ಯವೊಂದನ್ನು ಸೃಷ್ಟಿಸಿತು. ಕೊಂಡವರ ಲೋಭ, ಮಾರಿದವರ ಲೋಭ ಎರಡೂ ಪರಸ್ಪರ ಪೋಷಿಸಿಕೊಂಡವು.

ಖಾದಿಯ ಪಾಠ

ನಮ್ಮ ದೇಶದ ಖಾದಿಯ ಇತಿಹಾಸ ಇನ್ನೂ ಸೂಕ್ಷ್ಮವಾದ ಪಾಠವನ್ನು ಕಲಿಸುತ್ತದೆ. 1935ರಲ್ಲಿ ಅಖಿಲ ಭಾರತ ಚರಕಾ ಸಂಘವು ಗಾಂಧೀಜಿಯವರ ಒತ್ತಾಯದಂತೆ, ನೂಲುವ ಹೆಣ್ಣುಮಕ್ಕಳಿಗೆ ಜೀವನಕ್ಕೆ ಸಾಲುವಷ್ಟು ಕನಿಷ್ಠ ಕೂಲಿ ಕೊಡಬೇಕೆಂದು ನಿರ್ಣಯಿಸಿತು. ಇದರಿಂದ ಖಾದಿಯ ಬೆಲೆ ಏರುವುದೆಂದು ತಿಳಿದೇ ಆ ನಿರ್ಣಯವನ್ನು ಮಾಡಲಾಗಿತ್ತು. ಸ್ವಾತಂತ್ರ್ಯಾನಂತರ ಖಾದಿಯನ್ನು ಜನರಿಗೆ ಎಟುಕುವಂತೆ ಮಾಡಲು ಸರ್ಕಾರವು ರಿಯಾಯಿತಿಯ ಭಾರವನ್ನು ತಾನೇ ಹೊತ್ತು, ಇಳಿಸಿದ ಹಣವನ್ನು ಸಂಸ್ಥೆಗಳಿಗೆ ತುಂಬಿಕೊಡತೊಡಗಿತು. ಉದ್ದೇಶ ಶುದ್ಧವಾಗಿತ್ತು. ಆದರೆ ಗಿರಾಕಿಗಳು ಗಾಂಧಿ ಜಯಂತಿಯ ರಿಯಾಯಿತಿಗೇ ಕಾಯುವುದನ್ನು ರೂಢಿಸಿಕೊಂಡರು. ಮಾರಾಟ ಕೆಲವೇ ವಾರಗಳಲ್ಲಿ ಒಟ್ಟುಗೂಡಿತು. ಸಂಸ್ಥೆಗಳು ಸರ್ಕಾರದಿಂದ ಬರಬೇಕಾದ ಹಣಕ್ಕಾಗಿ ಕಾದು ಕುಳಿತವು. ಬಟ್ಟೆಯ ಖರೀದಿಯನ್ನು ಮುಂದೂಡಬಹುದು. ನೂಲುವವಳ ಊಟವನ್ನು ಮುಂದೂಡಲಾಗದು. 2010ರಲ್ಲಿ ಕೇಂದ್ರ ಸರ್ಕಾರವು ಈ ಪದ್ಧತಿಯನ್ನು ಬದಲಿಸಿ, ಮಾರಾಟಕ್ಕೆ ಬದಲಾಗಿ ಉತ್ಪಾದನೆಯ ಮೌಲ್ಯದ ಮೇಲೆ ಶೇ. 20ರಷ್ಟು ಮಾರುಕಟ್ಟೆ ಅಭಿವೃದ್ಧಿ ನೆರವನ್ನು ಜಾರಿಗೊಳಿಸಿತು. ಆ ನೆರವಿನಲ್ಲಿ ಶೇ. 25 ಭಾಗವನ್ನು ನೂಲುವ, ನೇಯುವ ಕುಶಲಕರ್ಮಿಗಳಿಗೇ ಮೀಸಲಿರಿಸಲಾಯಿತು. ರಿಯಾಯಿತಿಯ ಭಾರ ಕೊನೆಗೆ ಯಾರ ಹೆಗಲಿಗೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಯಾವ ಖರೀದಿಯೂ ನಿರ್ದೋಷವಾಗಲಾರದು.

ಶಾಸನ ಮತ್ತು ಶಾಸ್ತ್ರ

ಸುಳ್ಳು ರಿಯಾಯಿತಿಯನ್ನು ತಡೆಯಲು ಶಾಸನವೂ ಇದೆ. ಏಕಸ್ವಾಮ್ಯ ನಿಯಂತ್ರಣ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿಯು, ಮಾರುವ ಉದ್ದೇಶವಿಲ್ಲದ ಅಗ್ಗದ ಬೆಲೆಯನ್ನು ಜಾಹೀರುಪಡಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ಈ ಅಂಶವಿದೆ. ಆದರೆ ಶಾಸನ ಮಾರುವವನನ್ನು ಮಾತ್ರ ವಿಚಾರಿಸುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ, ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕ ಮಾನೋನ್ಮಾನದ ಜೊತೆಗೆ, ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನವನ್ನೂ ಹೇಳುತ್ತದೆ. ಎಂದರೆ, ಕೊಳ್ಳುವವನೂ ಜವಾಬ್ದಾರನೇ. ಇದು ಇಷ್ಟು ಅಗ್ಗವಾಗಿರುವುದೇಕೆ ಎಂದು ವಿಚಾರಿಸುವುದು ಶ್ರಾವಕನಿಗೆ ಕರ್ತವ್ಯವೇ ಆಗಿದೆ.

ಪರಿಗ್ರಹ ಪರಿಮಾಣವ್ರತವೂ ಇಲ್ಲಿ ನೆರವಾಗುತ್ತದೆ. ಮಿತಿಯನ್ನು ಮೊದಲು ಗೊತ್ತುಪಡಿಸಿಕೊಂಡವನಿಗೆ ಫಲಕವನ್ನು ನೋಡಿ ಬಯಕೆ ಹುಟ್ಟುವುದಿಲ್ಲ. ನಮ್ಮ ಅಡಿಗೆಮನೆಯ ಆಚಾರವನ್ನೇ ನೋಡಬಹುದು. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಹಿರಿಯರು ವಿಧಿಸಿದ್ದಾರೆ. ಇದನ್ನು ಪಾಲಿಸುವ ಮನೆಯಲ್ಲಿ 'ಒಂದು ಕೊಂಡರೆ ಒಂದು ಉಚಿತ' ಎಂಬ ಹಿಟ್ಟಿನ ಎರಡನೆಯ ಚೀಲ ಲಾಭವಲ್ಲ. ಮರ್ಯಾದೆ ಮೀರಿದ ಮೇಲೆ ಅದು ಜೀವಹಿಂಸೆಗೆ ಎಡೆಯಾಗುತ್ತದೆ. ಹಿತ್ತಾಳೆಯ ಪಾತ್ರೆಗೆ ಅಂತಹ ದೋಷವಿಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿವೇಚನೆಯನ್ನು ಅನುಸರಿಸಬಹುದು. ವರ್ಷದ ಆರಂಭದಲ್ಲಿಯೇ ಬೇಕಾದುದರ ಪಟ್ಟಿ ಸಿದ್ಧವಿದ್ದರೆ ಚಾಪೆ, ಜಮಖಾನ, ಪಾತ್ರೆ, ವಿದ್ಯುತ್ ದೀಪಗಳನ್ನು ರಿಯಾಯಿತಿಯ ಕಾಲಕ್ಕೆ ಕಾದು ಕೊಳ್ಳುವುದು ಸಮಾಜದ ಹಣಕ್ಕೆ ಸಲ್ಲಿಸುವ ಗೌರವ. ಔಷಧ, ಆಹಾರಧಾನ್ಯ, ಶಿಲ್ಪಿಯ ಕೂಲಿ, ಅರ್ಚಕರ ಸಂಭಾವನೆ ಇವುಗಳಲ್ಲಿ ಮೊದಲು ನೋಡಬೇಕಾದುದು ಯೋಗ್ಯತೆ ಮತ್ತು ನ್ಯಾಯ, ಬೆಲೆ ಅನಂತರದ ಮಾತು. ಪಟ್ಟಿಯಲ್ಲಿಲ್ಲದ ವಸ್ತು ಅರ್ಧ ಬೆಲೆಗೆ ದೊರೆತರೂ ಅಷ್ಟು ಹಣ ವ್ಯರ್ಥವೇ ಸರಿ. ಮುಂದಿನ ಆಷಾಢ ಬರುವ ಮೊದಲು ಪ್ರತಿ ಮನೆಯಲ್ಲಿಯೂ ಪ್ರತಿ ಬಸದಿಯಲ್ಲಿಯೂ ಅಂತಹದೊಂದು ಪಟ್ಟಿ ಸಿದ್ಧವಾಗಲಿ.